ಹದಿನೇಳು ಗಂಟೆಯ ಹಾರಾಟ, ನಾಲ್ಕು ಗಂಟೆಯ ನಿದ್ದೆ

ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದಿಳಿದದ್ದು 2021ರ ಜನವರಿಯಲ್ಲಿ. ಉತ್ತರ ಧ್ರುವದ ಕಡೆಯಿಂದ ಹಾರಿ ಬಂದ ಆ ವಿಮಾನವನ್ನು ನಡೆಸಿದವರು ಕ್ಯಾಪ್ಟನ್ ಝೋಯಾ ಅಗರ್ವಾಲ್ ಮತ್ತವರ ಸಂಗಡಿಗರು, ನಾಲ್ವರೂ ಮಹಿಳೆಯರು. ಪತ್ರಿಕೆಗಳು ಅದನ್ನೇ ದೊಡ್ಡದಾಗಿ ಬರೆದವು, ಸರಿಯೇ. ಆದರೆ ನಾಲ್ವರು ಯಾಕೆ? ಕಾಕ್‌ಪಿಟ್ಟಿನಲ್ಲಿ ಒಮ್ಮೆಗೆ ಇಬ್ಬರಿದ್ದರೆ ಸಾಕು. ಉಳಿದವರು ಬೇಕಾಗುವುದು ಸರದಿಯ ಮೇಲೆ ಮಲಗುವುದಕ್ಕೆ. ಇಷ್ಟು ದೂರದ ಹಾರಾಟಗಳಲ್ಲಿ ಯಾರು ಯಾವಾಗ ಮಲಗಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಂಬುದಕ್ಕೆ ಲೆಕ್ಕವಿರುತ್ತದೆ. ಮಲಗಲು ಪ್ರಯಾಣಿಕರ ಕಣ್ಣಿಗೆ ಬೀಳದ ಪುಟ್ಟ ಬಂಕ್ ಇರುತ್ತದೆ. ಹಿಂದೆ ಕೂತ ಇನ್ನೂರು ಚಿಲ್ಲರೆ ಜನರದ್ದು ಮಾತ್ರ ದೇವರು ನಡೆಸಿದಂತೆ. ಸಿನಿಮಾ ಸಿಕ್ಕಿದರೆ ನೋಡುವುದು, ಊಟ ಬಂದರೆ ಉಣ್ಣುವುದು, ಕಣ್ಣು ಎಳೆದರೆ ಒರಗುವುದು.

ವಿಮಾನದಲ್ಲಿ ನಿದ್ದೆಯೇ ಬರುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರು ನಿದ್ದೆಗೆ ತಯಾರಿಯನ್ನೇ ಮಾಡಿಕೊಂಡಿರುವುದಿಲ್ಲ. ಆ ನಿದ್ದೆ ಮುಕ್ಕಾಲು ಪಾಲು ತೀರ್ಮಾನವಾಗುವುದು ಟಿಕೆಟ್ ತೆಗೆಯುವಾಗ, ಸೀಟು ಆರಿಸುವಾಗ, ಹತ್ತಿ ಕೂತ ಮೊದಲ ಎರಡು ಗಂಟೆಯಲ್ಲಿ. ದಿಂಬು, ಕಣ್ಣುಪಟ್ಟಿ, ಮಾತ್ರೆಗಳದ್ದು ಆಮೇಲಿನ ಮಾತು. ಇನ್ನೊಂದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಕಾನಮಿ ಸೀಟಿನಲ್ಲಿ ಎಂಟು ಗಂಟೆ ಗಡದ್ದಾಗಿ ನಿದ್ದೆ ಹೊಡೆಯುವ ಆಸೆ ಬೇಡ. ಎರಡು ಕಂತಿನಲ್ಲಿ ನಾಲ್ಕು ಗಂಟೆ ಸಿಕ್ಕಿತೆಂದರೆ ಗೆದ್ದಂತೆ. ಎಂಟು ಗಂಟೆಗೆ ಗುರಿಯಿಟ್ಟವರು ‘ಇನ್ನೂ ಬರಲಿಲ್ಲವಲ್ಲ’ ಎಂದು ಗಡಿಯಾರ ನೋಡುತ್ತಾ ಬರುವ ನಿದ್ದೆಯನ್ನೂ ಓಡಿಸಿಕೊಳ್ಳುತ್ತಾರೆ.

ಉದ್ಯಾನ್ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ, ಚಕ್ರದ ಸದ್ದು, ಚಹಾದವನ ಕೂಗು ಯಾವುದಕ್ಕೂ ಜಗ್ಗದೆ ಮಲಗುವ ಜನ ವಿಮಾನದಲ್ಲಿ ಯಾಕೆ ಒದ್ದಾಡುತ್ತಾರೆ? ಮೊದಲ ಕಾರಣ ಕೂತೇ ಮಲಗಬೇಕಾಗಿರುವುದು. ನಿದ್ದೆ ಆಳಕ್ಕೆ ಇಳಿದಂತೆ ಕತ್ತಿನ ಸ್ನಾಯುಗಳು ಸಡಿಲವಾಗುತ್ತವೆ, ತಲೆ ವಾಲುತ್ತದೆ, ಎಚ್ಚರವಾಗುತ್ತದೆ. ಹೆಚ್ಚಿನ ವಿಮಾನಗಳ ಎಕಾನಮಿಯಲ್ಲಿ ಒಂದು ಸೀಟಿನಿಂದ ಮುಂದಿನ ಸೀಟಿಗೆ 31–32 ಇಂಚು ಅಂತರ, ಸೀಟಿನ ಅಗಲ 17–18 ಇಂಚು. ಇದರಲ್ಲಿ ಮಗ್ಗುಲು ಬದಲಿಸುವ ಮಾತೇ ಇಲ್ಲ.

ಎರಡನೆಯದು ಗಾಳಿ. ವಿಮಾನ 35–40 ಸಾವಿರ ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಕಾಯ್ದಿಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿ 6,300 ಅಡಿ ಚಿಲ್ಲರೆ. ಬೋಯಿಂಗ್ 787, ಏರ್‌ಬಸ್ ಎ350ರಂಥ ಹೊಸ ವಿಮಾನಗಳಲ್ಲಿ ಒತ್ತಡ ಸುಮಾರು ಆ ಮಟ್ಟದಲ್ಲಿರುತ್ತದೆ. ಹಳೆಯವುಗಳಲ್ಲಿ ಅದಕ್ಕಿಂತ ಎತ್ತರದ ಬೆಟ್ಟದ ಮಟ್ಟ. ಉಸಿರಾಟಕ್ಕೆ ಸಿಗುವ ಆಮ್ಲಜನಕ ಅಷ್ಟಷ್ಟೇ ಕಡಿಮೆ, ನಿದ್ದೆಯೂ ಅಷ್ಟಷ್ಟೇ ತೆಳು. ತೇವಾಂಶ ಶೇ 20ಕ್ಕಿಂತ ಕೆಳಗೆ ಬರುವುದರಿಂದ ಮೂಗು, ಗಂಟಲು, ಕಣ್ಣು ಒಣಗುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದು ಕನ್ನಡಕಕ್ಕೆ ಮರಳುವುದು ಮೇಲು.

ತಲುಪುವ ಊರಿನ ಗಡಿಯಾರ

ನಿದ್ದೆಯನ್ನು ತರುವುದು ಎರಡು ಸಂಗತಿಗಳು. ಎಚ್ಚರವಿದ್ದಷ್ಟು ಹೊತ್ತೂ ಮೈಯಲ್ಲಿ ಕೂಡುತ್ತಾ ಹೋಗುವ ನಿದ್ದೆಯ ಸಾಲ ಒಂದು. ಮಿದುಳಿನೊಳಗಿನ ಗಡಿಯಾರ ಇನ್ನೊಂದು. ಸಂಜೆಯಾಗುತ್ತಿದ್ದಂತೆ ಈ ಗಡಿಯಾರದ ಸೂಚನೆಯಂತೆ ಮೆಲಟೋನಿನ್ ಎಂಬ ಹಾರ್ಮೋನು ಏರತೊಡಗುತ್ತದೆ, ಕಣ್ಣಿಗೆ ಬೆಳಕು ಬಿದ್ದರೆ ಇಳಿಯುತ್ತದೆ. ಜೀವಕೋಶದೊಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ್ದಕ್ಕೆ 2017ರಲ್ಲಿ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ ನೊಬೆಲ್ ಬಂತು. ಗಡಿಯಾರಕ್ಕೆ ವಿಮಾನದ ವೇಗ ತಿಳಿಯದು. ದಿನಕ್ಕೆ ಒಂದು, ಹೆಚ್ಚೆಂದರೆ ಒಂದೂವರೆ ಗಂಟೆಯಷ್ಟೇ ಅದು ಸರಿಯುವುದು. ಆದ್ದರಿಂದ ‘ನಿದ್ದೆ ಬಂದಾಗ ಮಲಗಿದರಾಯಿತು’ ಎನ್ನುವುದಕ್ಕಿಂತ, ತಲುಪುವ ಊರಲ್ಲಿ ಈಗ ಹಗಲೋ ರಾತ್ರಿಯೋ ಎಂದು ನೋಡಿಕೊಂಡು ಮಲಗುವುದು ಜಾಣತನ.

ಬೆಂಗಳೂರಿನಿಂದ ಯುರೋಪಿಗೆ ಹೋಗುವ ವಿಮಾನಗಳಲ್ಲಿ ಹಲವು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಬೆಳಗಿನ ಜಾವ ಮೂರಕ್ಕೆ ಫ್ರಾಂಕ್‌ಫರ್ಟ್ ವಿಮಾನ ಹತ್ತಿದಿರಿ ಎನ್ನೋಣ. ಅಲ್ಲಿ ಚಳಿಗಾಲದಲ್ಲಾದರೆ ಆಗ ರಾತ್ರಿ ಹತ್ತೂವರೆ, ಬೇಸಿಗೆಯಲ್ಲಿ ಹನ್ನೊಂದೂವರೆ. ಇಲ್ಲಿನ ನಿದ್ದೆಗೂ ಅಲ್ಲಿನ ನಿದ್ದೆಗೂ ಹೊಂದುವ ಇಂಥ ಹೊತ್ತು ಸಿಗುವುದು ಅಪರೂಪ. ಆದರೂ ಜನ ಅದನ್ನು ಕೈಯಾರೆ ಕಳೆದುಕೊಳ್ಳುತ್ತಾರೆ. ಏರ್‌ಪೋರ್ಟಿನಲ್ಲಿ ಹನ್ನೊಂದಕ್ಕೆ ಸ್ಟ್ರಾಂಗ್ ಕಾಫಿ, ವಿಮಾನದೊಳಗೆ ನಾಲ್ಕಕ್ಕೆ ಕೊಟ್ಟ ಊಟ, ಮೇಲೊಂದು ಸಿನಿಮಾ. ಕಣ್ಣು ಹತ್ತುವ ಹೊತ್ತಿಗೆ ತಿಂಡಿಗೆ ಎಬ್ಬಿಸುತ್ತಾರೆ. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಅಂದರೆ ಹನ್ನೊಂದರ ಕಾಫಿ ಬೆಳಗಿನ ಜಾವ ನಾಲ್ಕರಲ್ಲೂ ಅರ್ಧ ಲೋಟ ಹೊಟ್ಟೆಯಲ್ಲಿದ್ದ ಹಾಗೆಯೇ. ರಾತ್ರಿ ಒಂಬತ್ತಕ್ಕೆ ಮನೆಯಲ್ಲೇ ಸಾರನ್ನ, ಮೊಸರನ್ನ ಉಂಡು ಹೊರಡಿ. ಕಾಫಿ ಮಧ್ಯಾಹ್ನಕ್ಕೇ ಮುಗಿಸಿ. ವಿಮಾನ ಮೇಲೇರಿ ಬೆಲ್ಟ್ ದೀಪ ಆರಿದ ಕೂಡಲೇ ಕಣ್ಣುಪಟ್ಟಿ ಕಟ್ಟಿ.

ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ನೇರ ಹಾರಾಟ ಸಿಕ್ಕಿದರೆ ಅದರ ಲೆಕ್ಕ ಬೇರೆ. ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ ಅಂತರ; ಹೆಚ್ಚುಕಡಿಮೆ ಹಗಲು ರಾತ್ರಿ ಅದಲುಬದಲು. ಮಧ್ಯಾಹ್ನ ಎರಡಕ್ಕೆ ಇಲ್ಲಿಂದ ಹೊರಟರೆ ಅಲ್ಲಿ ಚಳಿಗಾಲದ ರಾತ್ರಿ ಹನ್ನೆರಡೂವರೆ. ಹದಿನೇಳು ಗಂಟೆ ಹಾರಿ ಇಳಿದಾಗ ಅಲ್ಲಿ ಸಂಜೆ ಐದೂವರೆ. ಆದ್ದರಿಂದ ಹಾರಾಟದ ಮೊದಲ ಅರ್ಧ ನಿದ್ದೆಗೆ, ಎರಡನೆಯ ಅರ್ಧ ಎಚ್ಚರಕ್ಕೆ. ಮಧ್ಯಾಹ್ನ ಎರಡಕ್ಕೆ ಹೇಗೆ ನಿದ್ದೆ ಬಂದೀತು ಎಂದು ಕೇಳಬೇಡಿ. ಮಧ್ಯಾಹ್ನದ ಜೋಂಪು ದೇಹದ ಗಡಿಯಾರದಲ್ಲೇ ಇದೆ. ಅಂದು ಬೆಳಗ್ಗೆ ನಾಲ್ಕಕ್ಕೆ ಎದ್ದುಬಿಟ್ಟರೆ ಆ ಜೋಂಪು ಎರಡು ಮೂರು ಗಂಟೆಯ ನಿದ್ದೆಯಾಗುತ್ತದೆ. ಹೊರಡುವ ಹಿಂದಿನ ರಾತ್ರಿ ಪೂರ್ತಿ ಜಾಗರಣೆ ಮಾಡಿ ಸೂಟ್‌ಕೇಸ್ ತುಂಬುವವರಿದ್ದಾರೆ. ಅದು ಬೇಡ, ಆಯಾಸ ಮಿತಿ ಮೀರಿದರೆ ನಿದ್ದೆಯ ಬದಲು ತಲೆನೋವು ಬರುತ್ತದೆ. ನಡುವೆ ಒಂದಿಷ್ಟು ಎಚ್ಚರವಿದ್ದು, ಇನ್ನೊಂದು ಕಂತು ಮಲಗಬಹುದು. ಇಳಿಯುವುದಕ್ಕೆ ಆರು ಗಂಟೆ ಮೊದಲು ನಿದ್ದೆಯ ಅಂಗಡಿ ಮುಚ್ಚಬೇಕು. ಇಲ್ಲದಿದ್ದರೆ ಅಲ್ಲಿ ರಾತ್ರಿ ಒಂಬತ್ತಕ್ಕೆ ಹಾಸಿಗೆ ಸಿಕ್ಕರೂ ನಿದ್ದೆ ಸಿಗದು.

ವಾಪಸ್ ಬರುವಾಗ ರಾತ್ರಿ ಒಂಬತ್ತಕ್ಕೆ ಹೊರಡುವ ವಿಮಾನವಾದರೆ ಕೊನೆಯ ಐದಾರು ಗಂಟೆ ಬೆಂಗಳೂರಿನ ರಾತ್ರಿ. ಮೊದಲ ಹೊತ್ತು ಬರುವ ನಿದ್ದೆಯನ್ನು ಮೂರು ಗಂಟೆಗೆ ಮುಗಿಸಿ, ಮಧ್ಯೆ ಎಚ್ಚರವಿದ್ದು, ಕೊನೆಗೆ ಮತ್ತೆ ಮಲಗಿ. ಊರಿಗೆ ಇಳಿಯುವುದು ಬೆಳಗಿನ ಜಾವದಲ್ಲಾದ್ದರಿಂದ ಈ ಎರಡನೆಯ ನಿದ್ದೆಯೇ ಇಡೀ ದಿನವನ್ನು ಕಾಯುತ್ತದೆ.

ಗಲ್ಫ್ ಮೂಲಕ ಹೋಗುವವರಿಗೆ ಒಂದು ಮಾತು. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ. ಹತ್ತುವುದು, ಊಟ, ಇಳಿಯುವುದು ಕಳೆದರೆ ನಿದ್ದೆಗೆ ಉಳಿಯುವುದು ಒಂದೂವರೆ ಗಂಟೆ. ಆ ಹಾರಾಟದಲ್ಲಿ ಬೇಕಾದ ಸಿನಿಮಾ ನೋಡಿಕೊಳ್ಳಿ. ನಿದ್ದೆಯನ್ನು ಅಲ್ಲಿಂದ ಮುಂದಿನ ದೊಡ್ಡ ಹಾರಾಟಕ್ಕೆ ಕೂಡಿಡಿ.

ಊಟದ ಗಾಡಿ

ವಿಮಾನದಲ್ಲಿ ನಿದ್ದೆಯನ್ನು ಕೆಡಿಸುವುದರಲ್ಲಿ ಅಳುವ ಮಗುವಿಗಿಂತ ಊಟದ ಗಾಡಿಯ ಪಾತ್ರ ದೊಡ್ಡದು. ಹೊರಟ ಒಂದು ಗಂಟೆಗೆ ದೀಪ ಹಾಕಿ ಊಟ ಕೊಡುವುದು ಸಾಮಾನ್ಯ ಪದ್ಧತಿ, ನಿಮಗೆ ಅದು ನಡುರಾತ್ರಿಯೇ ಇರಲಿ. ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿ 2019ರಲ್ಲಿ ನ್ಯೂಯಾರ್ಕ್‌ನಿಂದ ಸಿಡ್ನಿಗೆ 19 ಗಂಟೆಗೂ ಮಿಕ್ಕಿದ ಪ್ರಾಯೋಗಿಕ ಹಾರಾಟ ಮಾಡಿದಾಗ ಈ ಪದ್ಧತಿಯನ್ನೇ ತಿರುಗಿಸಿ ನೋಡಿತು. ಹೊರಟಾಗ ನ್ಯೂಯಾರ್ಕಿನಲ್ಲಿ ರಾತ್ರಿಯಾಗಿದ್ದರೂ ಸಿಡ್ನಿಯಲ್ಲಿ ಹಗಲು. ಹಾಗಾಗಿ ಮೊದಲ ಕೆಲವು ಗಂಟೆ ದೀಪ ಆರಿಸದೆ, ಖಾರದ ತಿನಿಸು ಕೊಟ್ಟು, ಪ್ರಯಾಣಿಕರನ್ನು ಎಬ್ಬಿಸಿ ವ್ಯಾಯಾಮ ಮಾಡಿಸಿ ಎಚ್ಚರವಾಗಿಟ್ಟರು. ಸಿಡ್ನಿಯಲ್ಲಿ ರಾತ್ರಿಯಾಗುವ ಹೊತ್ತಿಗೆ ಮಲಗುವಂಥ ಊಟ ಕೊಟ್ಟು ದೀಪ ಆರಿಸಿದರು. ನಮ್ಮ ಟಿಕೆಟ್ಟಿಗೆ ಇಷ್ಟು ಉಪಚಾರ ಸಿಗುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ದಾರಿ ಎರಡಿವೆ. ಊಟವನ್ನೇ ಬೇಡವೆನ್ನುವುದು ಒಂದು. ದುಡ್ಡು ಕೊಟ್ಟಾಗಿದೆ, ಬಿಡುವುದು ಹೇಗೆ ಎಂದು ನಮ್ಮವರ ಮನಸ್ಸು ಒಪ್ಪುವುದು ಕಷ್ಟ. ಆದರೆ ಹಸಿವಾದಾಗ ಹಿಂದಿನ ಅಡುಗೆ ಜಾಗಕ್ಕೆ ಹೋಗಿ ಕೇಳಿದರೆ ಸ್ಯಾಂಡ್‌ವಿಚ್, ಬಿಸ್ಕತ್ತು, ಹಣ್ಣು ಏನಾದರೂ ಸಿಗುತ್ತದೆ. ಇನ್ನೊಂದು ದಾರಿ ಟಿಕೆಟ್ ತೆಗೆಯುವಾಗಲೇ ವಿಶೇಷ ಊಟ ಬರೆಸುವುದು. ನಮ್ಮ ಸಸ್ಯಾಹಾರಕ್ಕೆ ವಿಮಾನ ಕಂಪನಿಗಳ ಸಂಕೇತ ಎವಿಎಂಎಲ್, ಜೈನ ಊಟಕ್ಕೆ ವಿಜೆಎಂಎಲ್. ಇಂಥ ಊಟಗಳನ್ನು ಸಾಮಾನ್ಯವಾಗಿ ಗಾಡಿ ಹೊರಡುವ ಮೊದಲೇ ಹೆಸರು ಕೇಳಿ ತಂದು ಕೊಡುತ್ತಾರೆ. ಉಳಿದವರ ತಟ್ಟೆ ಬರುವಷ್ಟರಲ್ಲಿ ನೀವು ಉಂಡು, ಶೌಚಾಲಯದ ಮುಂದೆ ಸಾಲು ಬೆಳೆಯುವ ಮೊದಲೇ ಹೋಗಿಬಂದು ಮಲಗಬಹುದು. ಸಸ್ಯಾಹಾರಿ ಅಲ್ಲದವರೂ ಇಷ್ಟಕ್ಕಾಗಿಯೇ ಬರೆಸಿದರೆ ನಷ್ಟವಿಲ್ಲ. ಹೊರಡುವ ಕನಿಷ್ಠ 24 ಗಂಟೆ ಮೊದಲು ತಿಳಿಸಿರಬೇಕು. ಕೆಲವು ಕಂಪನಿಗಳು ಇನ್ನೂ ಮೊದಲು ಕೇಳುತ್ತವೆ.

ಮೇಲೆ ಒತ್ತಡ ಇಳಿದಂತೆ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. 8,000 ಅಡಿಯ ಮಟ್ಟದಲ್ಲಿ ಸುಮಾರು ಮೂರನೇ ಒಂದರಷ್ಟು. ಅವರೆಕಾಳಿನ ಕಾಲದಲ್ಲಿ ಹೊರಡುವವರು ಬೀಗರ ಮನೆಯ ಹುಳಿ, ಹಿತಕಿದ ಬೇಳೆಯನ್ನು ಹಿಂದಿನ ದಿನಕ್ಕೇ ಮುಗಿಸಲಿ. ಸೋಡಾ, ಕೋಲಾಗಳೂ ಅಂದು ಬೇಡ.

ಸೀಟಿನ ಆಯ್ಕೆ

ರಾತ್ರಿ ಮನೆಯಲ್ಲಿ ಒಮ್ಮೆಯೂ ಏಳದೆ ಮಲಗುವವರು ಕಿಟಕಿ ಸೀಟು ಹಿಡಿಯಿರಿ. ತಲೆಯಿಡಲು ಗೋಡೆ ಸಿಗುತ್ತದೆ, ಬೆಳಕು ನಿಮ್ಮ ಕೈಯಲ್ಲಿರುತ್ತದೆ, ಪಕ್ಕದವರಿಗೆ ದಾರಿ ಬಿಡಲು ಏಳಬೇಕಾಗಿಲ್ಲ. ಬಲಕ್ಕೆ ವಾಲಿ ಮಲಗುವವರು ಬಲಗಡೆಯ ಕಿಟಕಿ, ಎಡಕ್ಕಾದರೆ ಎಡಗಡೆಯದು. ಆದರೆ ಅರವತ್ತು ದಾಟಿದ, ರಾತ್ರಿ ಎರಡು ಮೂರು ಸಲ ಏಳುವ ಗಂಡಸರಿಗೆ, ಮಂಡಿನೋವಿನ ಹೆಂಗಸರಿಗೆ ಓಡಾಡುವ ದಾರಿಯ ಪಕ್ಕದ ಸೀಟೇ ಸರಿ. ಪಕ್ಕದವರನ್ನು ಎಬ್ಬಿಸಲು ಸಂಕೋಚಪಟ್ಟು ನೀರೇ ಕುಡಿಯದೆ ಕೂರುವ ಅಮ್ಮಂದಿರನ್ನು ಯಾವ ವಿಮಾನದಲ್ಲೂ ಕಾಣಬಹುದು.

ಗಂಡ ಹೆಂಡತಿ ಹೋಗುವುದಾದರೆ ಏರ್‌ಬಸ್ ಎ330 ಸಿಕ್ಕಿದರೆ ಬಿಡಬೇಡಿ. ಅದರಲ್ಲಿ ಸಾಮಾನ್ಯವಾಗಿ ಎರಡು–ನಾಲ್ಕು–ಎರಡರ ಸಾಲು. ಕಿಟಕಿ ಬದಿಯ ಜೋಡಿ ಸೀಟು ಇಬ್ಬರಿಗೇ. ಮುಂದೆ ಗೋಡೆಯಿರುವ ಮೊದಲ ಸಾಲು ಕಾಲು ಚಾಚಲು ಚೆನ್ನ ಎಂದು ದುಡ್ಡು ಕೊಟ್ಟು ಹಿಡಿಯುವವರಿದ್ದಾರೆ. ಎಳೆ ಮಕ್ಕಳ ತೊಟ್ಟಿಲು ಸಿಕ್ಕಿಸುವುದು ಅದೇ ಗೋಡೆಗೆ. ಅಲ್ಲಿನ ಕೈಯಾಸರೆಯೊಳಗೆ ಊಟದ ಹಲಗೆ ಇರುವುದರಿಂದ ಅದು ಮೇಲೇಳುವುದೂ ಇಲ್ಲ. ಕೊನೆಯ ಸಾಲು ಎಷ್ಟೋ ವಿಮಾನಗಳಲ್ಲಿ ಹಿಂದಕ್ಕೆ ವಾಲುವುದಿಲ್ಲ, ಹಿಂದೆಯೇ ಶೌಚಾಲಯ. ಎಂಜಿನ್ ಸದ್ದು ರೆಕ್ಕೆಗಿಂತ ಮುಂದೆ ಕಡಿಮೆ, ಹಿಂದೆ ಹೆಚ್ಚು.

ಕೂತ ಮೇಲೆ ಮಾಡಬೇಕಾದ ಸಣ್ಣ ಕೆಲಸಗಳಿವೆ. ದೂರದ ವಿಮಾನಗಳ ಬಹುಪಾಲು ಸೀಟುಗಳಲ್ಲಿ ತಲೆಯೊರಗುವ ಭಾಗ ಮೇಲೆ ಕೆಳಗೆ ಸರಿಯುತ್ತದೆ, ಅದರ ಎರಡೂ ಅಂಚನ್ನು ಕಿವಿಯ ಹಾಗೆ ಮುಂದಕ್ಕೆ ಬಾಗಿಸಬಹುದು. ಇದು ಗೊತ್ತಿಲ್ಲದೆ ಹಾಗೆಯೇ ಕೂರುವವರೇ ಜಾಸ್ತಿ. ಕುತ್ತಿಗೆ ದಿಂಬಿನ ತೆರೆದ ಬಾಯಿ ಗಲ್ಲದ ಕೆಳಗೆ ಬರುವಂತೆ ಹಾಕಿಕೊಂಡರೆ ತಲೆ ಮುಂದಕ್ಕೆ ಬೀಳುತ್ತದೆ. ತಿರುಗಿಸಿ, ದಪ್ಪ ಭಾಗ ಗಲ್ಲದ ಕೆಳಗೆ ಬರಲಿ. ಸೊಂಟದ ಹಿಂದೆ ಒಂದು ಶಾಲನ್ನು ಸುರುಳಿ ಸುತ್ತಿ ಇಡಿ. ಸೀಟ್ ಬೆಲ್ಟನ್ನು ಕಂಬಳಿಯ ಮೇಲೆ, ಹೊರಗೆ ಕಾಣುವಂತೆ ಹಾಕಿ. ವಿಮಾನ ಅಲುಗಾಡಿದಾಗ ಬೆಲ್ಟ್ ನೋಡಲು ಬರುವ ಗಗನಸಖಿ, ಕಾಣದಿದ್ದರೆ ಎಬ್ಬಿಸಲೇಬೇಕಾಗುತ್ತದೆ. ಕಿವಿಗೆ ನೂರು ರೂಪಾಯಿಯೊಳಗೆ ಸಿಗುವ ಸ್ಪಂಜಿನ ಬೆಣೆ ಸಾಕು: ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆಳೆದು ತೂರಿಸಿ, ಅದು ಹಿಗ್ಗುವವರೆಗೆ ಹಿಡಿದುಕೊಳ್ಳಬೇಕು. ಸುಮ್ಮನೆ ಒತ್ತಿದರೆ ಏನೂ ಉಪಯೋಗವಿಲ್ಲ. ಇಳಿಯಲು ಶುರುಮಾಡುವ ಮೊದಲು ತೆಗೆದುಬಿಡಿ. ಇನ್ನು ಚಳಿಗೆ ಮಂಕಿ ಟೋಪಿ ಹಾಕಲು ನಾಚಿಕೆ ಯಾಕೆ? ಹಣೆಯಿಂದ ಕೆಳಕ್ಕೆ ಎಳೆದರೆ ಅದೇ ಕಣ್ಣುಪಟ್ಟಿ, ಅದೇ ಕಿವಿಮುಚ್ಚಿ.

ಮಾತ್ರೆ, ಗುಟುಕು, ಗಸಗಸೆ

ಬಿಟ್ಟಿ ಸಿಗುವ ವಿಸ್ಕಿ ಬೇಗ ಕಣ್ಣು ಮುಚ್ಚಿಸುತ್ತದೆ, ಆದರೆ ನಡುವೆ ಎಬ್ಬಿಸುತ್ತದೆ. ಜರ್ಮನಿಯ ಏರೋಸ್ಪೇಸ್ ಕೇಂದ್ರದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಯುವಜನರೇ ಕುಡಿದು, ವಿಮಾನದೊಳಗಿನಷ್ಟೇ ಕಡಿಮೆ ಒತ್ತಡದ ಕೋಣೆಯಲ್ಲಿ ಮಲಗಿದಾಗ ರಕ್ತದ ಆಮ್ಲಜನಕ ಶೇ 85ರ ಆಸುಪಾಸಿಗೆ ಇಳಿದಿತ್ತು, ಹೃದಯದ ಬಡಿತ ಏರಿತ್ತು. ಕೋವಿಡ್ ಕಾಲದಲ್ಲಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಕೂತವರಿಗೆ ಆ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹೃದಯ, ಶ್ವಾಸಕೋಶದ ತೊಂದರೆಯಿರುವವರು ಮೇಲೆ ಹೋದಾಗ ಕುಡಿಯಲೇಬಾರದು.

ನಿದ್ದೆ ಮಾತ್ರೆಯ ವಿಚಾರದಲ್ಲಿ ನನ್ನ ತೀರ್ಪು ಖಡಾಖಂಡಿತ: ಯಾರೋ ಕೊಟ್ಟದ್ದನ್ನು, ಮೊದಲ ಸಲ, ವಿಮಾನದಲ್ಲಿ ನುಂಗಬೇಡಿ. ಅಲ್‌ಪ್ರಜೋಲಾಂ, ಝೋಲ್ಪಿಡೆಂ ಬಗೆಯವು ವಯಸ್ಸಾದವರಲ್ಲಿ ಗಲಿಬಿಲಿ, ಮರೆವು, ತೂರಾಟ ತರಬಲ್ಲವು. ಕೈಕಾಲು ಅಲ್ಲಾಡಿಸದೆ ಗಂಟೆಗಟ್ಟಲೆ ಬಿದ್ದುಕೊಳ್ಳುವುದು ಕಾಲಿನ ರಕ್ತ ಹೆಪ್ಪುಗಟ್ಟಲೂ ದಾರಿ. ನೆಗಡಿ, ಅಲರ್ಜಿಗೆ ಕೊಡುವ ಮತ್ತು ಬರಿಸುವ ಮಾತ್ರೆಗಳೂ ಮುದುಕರಿಗೆ ಒಳ್ಳೆಯವಲ್ಲ. ಮೆಲಟೋನಿನ್ ಕಥೆ ಕೊಂಚ ಬೇರೆ. ಅದು ಮತ್ತು ಬರಿಸುವುದಕ್ಕಿಂತ ಗಡಿಯಾರ ಸರಿಸಲು ನೆರವಾಗುತ್ತದೆ. ಅರ್ಧದಿಂದ ಐದು ಮಿಲಿಗ್ರಾಮಿನವರೆಗೆ, ತಲುಪಿದ ಊರಿನ ಮಲಗುವ ಹೊತ್ತಿಗೆ ತೆಗೆದುಕೊಂಡರೆ ಜೆಟ್‌ಲ್ಯಾಗ್ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2002ರ ಕಾಕ್ರನ್ ವಿಮರ್ಶೆ ಹೇಳಿತು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು, ಮೂರ್ಛೆ ರೋಗವಿರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಗಲ್ಫ್ ಮೂಲಕ ಹೋಗುವವರು ಇನ್ನೊಂದು ಎಚ್ಚರ ವಹಿಸಬೇಕು. ನಿದ್ದೆಗೆ, ಆತಂಕಕ್ಕೆ ಕೊಡುವ ಮಾತ್ರೆಗಳ ಮೇಲೆ ಯುಎಇಯಲ್ಲಿ ಬಿಗಿ ಹತೋಟಿಯಿದೆ. ಡಾಕ್ಟರ ಚೀಟಿ ಜೊತೆಗಿರಲಿ, ಅನುಮತಿ ಬೇಕೇ ಎಂದು ಮೊದಲೇ ನೋಡಿಕೊಳ್ಳಿ. ನಿದ್ದೆಗೆ ನಮ್ಮ ಮನೆಗಳ ಹಳೆಯ ಮದ್ದು ಗಸಗಸೆ ಪಾಯಸ. ಆ ಗಸಗಸೆ ಯುಎಇ, ಸೌದಿ ಅರೇಬಿಯಾಗಳಲ್ಲಿ ನಿಷಿದ್ಧ ವಸ್ತು. ಪೊಟ್ಟಣದಲ್ಲಿ ಒಯ್ಯುವುದನ್ನು ಬಿಡಿ, ಎಷ್ಟೋ ಮನೆಗಳ ಬಿಸಿಬೇಳೆಬಾತ್ ಪುಡಿ, ಸಾಗು ಪುಡಿಗೂ ಗಸಗಸೆ ಬಿದ್ದಿರುತ್ತದೆ. ಮಗಳಿಗೆಂದು ಕಟ್ಟಿಕೊಂಡ ಡಬ್ಬಿಗಳನ್ನು ಮತ್ತೊಮ್ಮೆ ಬಿಚ್ಚಿ ನೋಡಿ.

ಕಾಲಿನ ರಕ್ತ ಹೆಪ್ಪುಗಟ್ಟುವ ಮಾತು ಆಗಲೇ ಬಂತು. ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣದಲ್ಲಿ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನೆ 2007ರಲ್ಲಿ ತಿಳಿಸಿತು. ಆರೋಗ್ಯವಂತರಿಗೆ ಆರು ಸಾವಿರದಲ್ಲಿ ಒಬ್ಬರಿಗೆ ಎಂಬಷ್ಟು ಚಿಕ್ಕ ಅಪಾಯ. ಹಿಂದೆ ಹೆಪ್ಪುಗಟ್ಟಿದವರಿಗೆ, ಈಚೆಗೆ ಆಪರೇಷನ್ ಆದವರಿಗೆ ಚಿಕ್ಕದಲ್ಲ. ನಿದ್ದೆಯನ್ನು ಎರಡು ಕಂತು ಮಾಡಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ. ಮಧ್ಯೆ ಎದ್ದು ಹಿಂದಿನ ತುದಿಯವರೆಗೆ ನಡೆಯಿರಿ, ಒಂದು ಲೋಟ ನೀರು ಕುಡಿಯಿರಿ, ಕಾಲ ಮೇಲೆ ಕಾಲು ಹಾಕಿ ಮಲಗಬೇಡಿ. ಪಾದ ಊದುವುದು ಸಹಜ, ಬಿಗಿ ಶೂ ಬೇಡ. ಇನ್ಸುಲಿನ್ ಚುಚ್ಚಿಕೊಳ್ಳುವವರು ಹೊತ್ತಿನ ಲೆಕ್ಕವನ್ನು ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ. ಗೊರಕೆ ರೋಗಕ್ಕೆ ಸಿಪ್ಯಾಪ್ ಯಂತ್ರ ಬಳಸುವವರು ಅದನ್ನು ಕೈಚೀಲದಲ್ಲೇ ಒಯ್ಯಿರಿ, ಬಳಸಲು ಕಂಪನಿಯನ್ನು ಮುಂಚಿತವಾಗಿ ಕೇಳಿ.

ಇಳಿದ ದಿನ ಹಗಲಿದ್ದರೆ ಹೊರಗೆ ಬಿಸಿಲಲ್ಲಿ ಅಡ್ಡಾಡಿ. ತಡೆಯಲಾಗದಿದ್ದರೆ ಅರ್ಧ ಗಂಟೆ ಮಲಗಿ, ಅಲಾರಂ ಇಟ್ಟು. ಕಾರು ಓಡಿಸುವ ಮಾತು ಮರುದಿನಕ್ಕಿರಲಿ.

ಕೊನೆಗೆ ಅಮೆರಿಕ, ಕೆನಡಾಗಳಲ್ಲಿ ಕೂತು ಬಾಣಂತನಕ್ಕೋ ರಜೆಗೋ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮಕ್ಕಳಿಗೆ. ಮೇಲೆ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಮ್ಮ ಕೈಯಲ್ಲಿದೆ, ಅವರ ಕೈಯಲ್ಲಲ್ಲ; ಟಿಕೆಟ್ ತೆಗೆಯುವವರು ನೀವು. ನೂರು ಡಾಲರ್ ಉಳಿಸಲು ಎರಡು ಕಡೆ ವಿಮಾನ ಬದಲಿಸುವ ಟಿಕೆಟ್ ತೆಗೆಯಬೇಡಿ. ಅಮ್ಮನಿಗೆ ದಾರಿ ಪಕ್ಕದ ಸೀಟು, ಅಪ್ಪನಿಗೆ ಅದರ ಪಕ್ಕದ್ದೋ ದಾರಿಯಾಚೆಯದ್ದೋ ದುಡ್ಡು ಕೊಟ್ಟಾದರೂ ಹಿಡಿದಿಡಿ. ಎವಿಎಂಎಲ್ ಊಟ ಬರೆಸಿ, ವೀಲ್‌ಚೇರ್ ಬೇಕಿದ್ದರೆ ಅದನ್ನೂ ಬರೆಸಿ. ಯಾವ ಹೊತ್ತಿಗೆ ಮಲಗಬೇಕು, ಯಾವಾಗ ಎಚ್ಚರವಿರಬೇಕು ಎಂಬುದನ್ನು ಭಾರತದ ಸಮಯದಲ್ಲೇ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಒಂದು ಹಾಳೆಗೆ ಇಳಿಸಿ ಕಳಿಸಿ. ಪಾಸ್‌ಪೋರ್ಟಿನ ಜೊತೆ ಆ ಹಾಳೆಯೂ ಅಮ್ಮನ ಕೈಚೀಲದಲ್ಲಿರಲಿ.